ಗಣಿ ಬರುವ ಮುಂಚೆ ಬರೆದಿಡಬೇಕಾದ ಲೆಕ್ಕ
ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲದ ಪ್ರಶ್ನೋತ್ತರ ಪೂರ್ತಿಯಾಗಿ ಗೋವಾದ ಕಬ್ಬಿಣದ ಅದಿರಿನ ಪಟ್ಟಿಗೆ ಮೀಸಲು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆಗಳ ನವೀಕರಣವನ್ನು ರದ್ದು ಮಾಡಿದ ಮೇಲೆ ಗಣಿಗಳು ನಿಂತಿದ್ದವು. 2022ರ ಕೊನೆಯಿಂದ ಹೊಸದಾಗಿ ಬ್ಲಾಕ್‌ಗಳ ಹರಾಜು ನಡೆಯುತ್ತಿದೆ. ಡಿಚೋಲಿ, ಸತ್ತರಿ, ಧಾರಬಾಂದೋಡಾ, ಸಾಂಗೆ ಭಾಗದಲ್ಲಿ ಮನೆ, ತೋಟ, ಟಿಪ್ಪರ್ ಮಾಡಿಕೊಂಡಿರುವ ಕನ್ನಡಿಗರ ಪತ್ರಗಳು ಬೇರೆ ಬೇರೆ ಮಾತಿನಲ್ಲಿ ಒಂದೇ ವಿಷಯ ಕೇಳುತ್ತಿವೆ: ಸರ್ವೆಯವರು ಬಂದು ಏನೇನೋ ಅಳೆದುಕೊಂಡು ಹೋಗುತ್ತಿದ್ದಾರೆ, ಅದು ಏನು, ಅದರಲ್ಲಿ ನಮ್ಮದೇನು?

ಪ್ರಶ್ನೆ: ನಮ್ಮೂರಿನ ಶಾಲೆಯ ತಾರಸಿ ಮೇಲೆ ಡಬ್ಬಿಯಂಥ ಯಂತ್ರ ಇಟ್ಟಿದ್ದಾರೆ. ಬಾವಿ ನೀರು, ಹೊಲದ ಮಣ್ಣು ತಗೊಂಡು ಹೋದರು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮೂರು ತಿಂಗಳು ಬರುತ್ತಾರಂತೆ. ಗಣಿ ನಮ್ಮಿಂದ 4 ಕಿಲೋಮೀಟರ್ ದೂರ. ನಮಗ್ಯಾಕೆ ಇದು?
— ಧಾರಬಾಂದೋಡಾ ತಾಲೂಕಿನ ಓದುಗರು

ಉತ್ತರ: ಅದು ಪರಿಸರ ಪರಿಣಾಮ ಅಧ್ಯಯನದ ಮೊದಲ ಹಂತ. ಗಣಿ ಶುರುವಾಗುವ ಮುಂಚೆ ಗಾಳಿ, ನೀರು, ಸದ್ದು, ಮಣ್ಣು, ಗಿಡಮರ, ಪ್ರಾಣಿಪಕ್ಷಿ, ಭೂಬಳಕೆ ಹೇಗಿದ್ದವು ಎಂದು ಇದರಲ್ಲಿ ದಾಖಲಿಸುತ್ತಾರೆ. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕಾದ ಗಣಿಗಳಿಗೆ ಇದು ಕಡ್ಡಾಯ. ಗುತ್ತಿಗೆಯ ಗಡಿಯೊಳಗಿನದು ಕೋರ್ ವಲಯ. ಆ ಗಡಿಯಿಂದ ಸುತ್ತ 10 ಕಿಲೋಮೀಟರ್ ಬಫರ್ ವಲಯ. ಹಾಗಾಗಿ ನಿಮ್ಮ ಊರು ಅಧ್ಯಯನದ ಒಳಗೇ ಬರುತ್ತದೆ.

ಮಳೆಗಾಲ ಬಿಟ್ಟು ಒಂದು ಋತುವಿನ ಮಾಪನ ಸಾಕು ಎಂಬುದು ನಿಯಮ: ಮಾರ್ಚ್–ಮೇ, ಅಕ್ಟೋಬರ್–ಡಿಸೆಂಬರ್, ಅಥವಾ ಡಿಸೆಂಬರ್–ಫೆಬ್ರವರಿ. ಧೂಳು ಅಳೆಯಲು ಇದು ಸರಿ. ಆದರೆ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದುಬಿಡುವ ಗೋವಾದಲ್ಲಿ ಗಣಿಯ ಕೆಂಪು ರಾಡಿ ಗದ್ದೆಗೆ ಇಳಿಯುವುದು ಸರ್ವೆಯವರು ಇಲ್ಲದ ತಿಂಗಳುಗಳಲ್ಲೇ. ವರದಿಯಲ್ಲಿ ಇಲ್ಲದ ಆ ನಾಲ್ಕು ತಿಂಗಳ ದಾಖಲೆಯನ್ನು ಊರಿನವರೇ ಇಟ್ಟುಕೊಳ್ಳಬೇಕು. ‘ಮೊದಲು ಹೇಗಿತ್ತು’ ಎಂಬುದಕ್ಕೆ ಕಾಗದ ಇಲ್ಲದಿದ್ದರೆ ನಾಳೆ ನಷ್ಟ ಆದಾಗ ಆಡುವ ಮಾತಿಗೆ ಬೆಲೆ ಇರುವುದಿಲ್ಲ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಇದೇ ಕೆಲಸಕ್ಕೆ ಸಂಬಂಧಿಸಿದವು.

ಇನ್ನೊಂದು ವಿಷಯ. ಮಾಪನದ ಅಂಕಿಅಂಶ ವರದಿ ಸಲ್ಲಿಸುವ ಹೊತ್ತಿಗೆ 3 ವರ್ಷಕ್ಕಿಂತ ಹಳೆಯದಾಗಿರಬಾರದು. ವರದಿ ಕೈಗೆ ಸಿಕ್ಕಾಗ ಮೊದಲು ತಾರೀಖು ನೋಡಿ.

ಪ್ರಶ್ನೆ: ಸಾಖಳಿ ಹತ್ತಿರ ನಮ್ಮ ಮನೆ. ತೆರೆದ ಬಾವಿ, ಏಪ್ರಿಲ್‌ನಲ್ಲೂ ನೀರು ಇರುತ್ತದೆ. ಹಿಂದೆ ಗಣಿ ನಡೆದಾಗ ಪಕ್ಕದ ಊರಿನ ಬಾವಿಗಳು ಬತ್ತಿದವು ಅಂತಾರೆ. ಈಗ ನಮ್ಮ ಬಾವಿಯ ಲೆಕ್ಕ ಹೇಗೆ ಇಡಬೇಕು, ಸರ್?

ಉತ್ತರ: ಬಾವಿ ಯಾಕೆ ಬತ್ತುತ್ತದೆ ಎನ್ನುವುದು ಗೊತ್ತಿದ್ದರೆ ಏನು ಅಳೆಯಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ. ಇಲ್ಲಿನ ಗುಡ್ಡಗಳಲ್ಲಿ ಮೇಲೆ ಜಂಬಿಟ್ಟಿಗೆಯ ಗಟ್ಟಿ ಹಾಸು, ಅದರಡಿ ಜೇಡಿಮಣ್ಣಿನ ಪದರ, ಅದಕ್ಕೂ ಕೆಳಗೆ ಪುಡಿ ಅದಿರು. ಜಂಬಿಟ್ಟಿಗೆಯಲ್ಲಿ ತೂತು, ಬಿರುಕು ಇರುವುದರಿಂದ ಮಳೆನೀರು ಇಂಗುತ್ತದೆ, ಜೇಡಿ ಅದನ್ನು ತಡೆದು ನಿಲ್ಲಿಸುತ್ತದೆ. ನಿಮ್ಮ ಬಾವಿಗೂ ಗುಡ್ಡದ ಬುಡದ ಝರಿಗೂ ಬರುವುದು ಸಾಮಾನ್ಯವಾಗಿ ಈ ಮೇಲಿನ ನೀರು. ಪುಡಿ ಅದಿರಿನಲ್ಲಿಯೂ ಬೇರೆ ನೀರು ತುಂಬಿರುತ್ತದೆ. ಅದಿರು ತೆಗೆಯಲು ಹೊಂಡ ಆಳವಾದಂತೆ ಜೇಡಿಯ ತಡೆ ಒಡೆಯುತ್ತದೆ. ಹೊಂಡ ಒಣಗಿಸಲು ಹಗಲೂರಾತ್ರಿ ಪಂಪ್ ಓಡುತ್ತದೆ. ಆಗ ಸುತ್ತಲಿನ ನೀರು ಹೊಂಡದ ಕಡೆಗೆ ತಿರುಗುತ್ತದೆ.

ಆದ್ದರಿಂದ ಎರಡು ಸಂಖ್ಯೆ ಬೇಕು: ನಿಮ್ಮ ಬಾವಿಯ ನೀರಿನ ಮಟ್ಟ ಸಮುದ್ರಮಟ್ಟದಿಂದ ಎಷ್ಟು ಮೇಲಿದೆ, ಹೊಂಡದ ತಳ ಎಷ್ಟು ಮಟ್ಟಕ್ಕೆ ಇಳಿಯಲಿದೆ.

ಬಾವಿ ಅಳೆಯುವ ಕ್ರಮ ಹೀಗೆ. ಕಟ್ಟೆಯ ಮೇಲೆ ಒಂದೇ ಜಾಗದಲ್ಲಿ ಬಣ್ಣದ ಗುರುತು ಹಾಕಿ, ಪ್ರತಿ ಸಲವೂ ಅಲ್ಲಿಂದಲೇ ಅಳೆಯಿರಿ. 30 ಮೀಟರಿನ ಟೇಪಿನ ತುದಿಗೆ ಭಾರ ಕಟ್ಟಿ, ಕೆಳಗಿನ 1 ಮೀಟರಿಗೆ ಸೀಮೆಸುಣ್ಣ ಉಜ್ಜಿ. ಬೆಳಿಗ್ಗೆ ಯಾರೂ ನೀರು ಸೇದುವ, ಪಂಪ್ ಹಾಕುವ ಮುಂಚೆಯೇ ಇಳಿಬಿಡಿ. ಗುರುತಿನ ಬಳಿ ಟೇಪು 10 ಮೀಟರ್ ತೋರಿಸುವಾಗ ನಿಲ್ಲಿಸಿ ಮೇಲೆಳೆದರೆ ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ಕಾಣುತ್ತದೆ. 65 ಸೆಂಟಿಮೀಟರ್ ಒದ್ದೆಯಾಗಿದ್ದರೆ ನೀರು 9.35 ಮೀಟರ್ ಕೆಳಗಿದೆ. ಕಟ್ಟೆಯ ಎತ್ತರ 75 ಸೆಂಟಿಮೀಟರ್ ಇದ್ದರೆ ನೆಲದಿಂದ 8.60. ಹಿಂದಿನ ರಾತ್ರಿ ಪಂಪ್ ಓಡಿದ್ದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ. ನೀರು ಪೂರ್ತಿ ಏರಿ ನಿಲ್ಲುವ ಮುಂಚೆ ಅಳೆದ ಸಂಖ್ಯೆ ಸುಳ್ಳು ಹೇಳುತ್ತದೆ, ಸರ್ಕಾರಿ ವರದಿಗಳಲ್ಲೂ ಈ ದೋಷ ನುಸುಳುವುದುಂಟು.

ತಿಂಗಳಿಗೊಮ್ಮೆ ಅಳೆದರೆ ಬಹಳ ಒಳ್ಳೆಯದು. ಆಗದಿದ್ದರೆ ಮೇ ಕೊನೆಯ ವಾರ ಮತ್ತು ನವೆಂಬರ್ ಮೊದಲ ವಾರ ತಪ್ಪಿಸಬೇಡಿ.

ಇನ್ನು ಸಮುದ್ರಮಟ್ಟದ ಲೆಕ್ಕ. ಮೊಬೈಲಿನ ಜಿಪಿಎಸ್ ತೋರಿಸುವ ಎತ್ತರ ನಂಬಬೇಡಿ, ಎಷ್ಟೋ ಮೀಟರ್ ಆಚೀಚೆ ಆಗುತ್ತದೆ. ನಾಲ್ಕೈದು ಮನೆಯವರು ಸೇರಿ ಲೆವೆಲಿಂಗ್ ಯಂತ್ರ ಇರುವ ಸರ್ವೆಯರನ್ನು ಒಂದು ದಿನ ಕರೆಸಿ, ಎಲ್ಲ ಬಾವಿಗಳ ಗುರುತಿಗೂ ಮಟ್ಟ ಹಾಕಿಸಿ. ಗುರುತಿನ ಮಟ್ಟ 38.60 ಮೀಟರ್ ಎಂದು ಬಂದರೆ ನೀರಿನ ಮಟ್ಟ 29.25. ಗಣಿ ಯೋಜನೆಯಲ್ಲಿ ಹೊಂಡದ ಕೊನೆಯ ತಳ 5 ಮೀಟರ್ ಎಂದು ಬರೆದಿದ್ದರೆ, ಆ ಹೊಂಡ ನಿಮ್ಮ ನೀರಿಗಿಂತ 24 ಮೀಟರ್ ಆಳಕ್ಕೆ ಹೋಗುತ್ತದೆ. ‘ಅಂತರ್ಜಲಕ್ಕೆ ತೊಂದರೆ ಇಲ್ಲ’ ಎಂಬ ವಾಕ್ಯದ ಪಕ್ಕ ಈ ಎರಡು ಸಂಖ್ಯೆ ಇಟ್ಟು ನೋಡಿ. ಮಟ್ಟವನ್ನು ನೆಲದಿಂದಲೂ ಸಮುದ್ರಮಟ್ಟದಿಂದಲೂ ಎರಡೂ ರೀತಿ ಕೊಟ್ಟು, ಅಡ್ಡಸೀಳಿನ ಚಿತ್ರ ಬರೆದು ತೋರಿಸಬೇಕು ಎಂಬುದು ಅಧ್ಯಯನದ ಷರತ್ತಿನಲ್ಲೇ ಇದೆ. ಎಷ್ಟೋ ವರದಿಗಳು ನೆಲದಿಂದ ಇಷ್ಟು ಆಳ ಎಂದಷ್ಟೇ ಹೇಳಿ ಮುಗಿಸುತ್ತವೆ. ಗುಡ್ಡದ ನೆತ್ತಿಯಲ್ಲಿ 20 ಮೀಟರ್ ಆಳ ಅಂದರೂ ಅದು ನಿಮ್ಮ ಬಾವಿಯ ತಳಕ್ಕಿಂತ ಮೇಲೇ ಇರಬಹುದು, ಕೆಳಗೂ ಇರಬಹುದು. ಆ ಅಂಕಿಯೊಂದರಿಂದ ಏನೂ ಗೊತ್ತಾಗುವುದಿಲ್ಲ.

ಝರಿ ಇದ್ದರೆ ಅದನ್ನು ಬಿಡಬೇಡಿ. ಮೊದಲು ಪೆಟ್ಟು ತಿನ್ನುವುದು ಅದೇ. 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡು ಎಂದು ಮೂರು ಸಲ ನೋಡಿ ಸರಾಸರಿ ಬರೆದಿಡಿ. ನೀರಿನ ಪರೀಕ್ಷೆ ಮಾಡಿಸುವಾಗ ಕಬ್ಬಿಣ, ಮ್ಯಾಂಗನೀಸ್‌ಗಾಗಿ ಬೇರೆ ಬಾಟಲಿ ಕೇಳಿ, ಅದಕ್ಕೆ ಪ್ರಯೋಗಾಲಯದವರು ನೈಟ್ರಿಕ್ ಆಮ್ಲದ ಹನಿ ಹಾಕಿರಬೇಕು. ಇಲ್ಲದಿದ್ದರೆ ದಾರಿಯಲ್ಲೇ ಕಬ್ಬಿಣ ಬಾಟಲಿಗೆ ಅಂಟಿ, ನೀರಿನಲ್ಲಿ ಇಲ್ಲವೇನೋ ಎಂಬಂತೆ ಫಲಿತಾಂಶ ಬರುತ್ತದೆ.

ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಆರು ತಿಂಗಳಿಗೊಮ್ಮೆ ನಕಲನ್ನು ಪಂಚಾಯಿತಿಗೆ ಕೊಟ್ಟು ಇನ್‌ವರ್ಡ್ ಸೀಲ್ ಹಾಕಿಸಿಕೊಳ್ಳಿ. ಆ ಸೀಲಿನ ತಾರೀಖೇ ನಿಮ್ಮ ಸಾಕ್ಷಿ.

ಪ್ರಶ್ನೆ: ಭೂಬಳಕೆ ನಕಾಶೆಯಲ್ಲಿ ನಮ್ಮ ಗದ್ದೆಯನ್ನು ‘ಪಾಳು ಭೂಮಿ’, ಅಡಿಕೆ ತೋಟವನ್ನು ‘ಕಾಡು’, ಮೇಲಿನ ಬಯಲನ್ನು ‘ಬಂಜರು’ ಅಂತ ತೋರಿಸಿದ್ದಾರೆ. ಬೇಕಂತಲೇ ಮಾಡಿದ್ದಾರೋ?
— ಸಾಂಗೆ ಭಾಗದ ಕೃಷಿಕರು

ಉತ್ತರ: ಬೇಕಂತ ಮಾಡದಿದ್ದರೂ ಹೀಗೆ ಆಗುತ್ತದೆ. ಕಾರಣ ಉಪಗ್ರಹ ಚಿತ್ರದಲ್ಲಿದೆ. ಈ ನಕಾಶೆಗಳಿಗೆ ಹೆಚ್ಚಾಗಿ ಬಳಸುವುದು ಸೆಂಟಿನೆಲ್-2 ಅಥವಾ ನಮ್ಮ ರಿಸೋರ್ಸ್‌ಸ್ಯಾಟ್‌ನ ಲಿಸ್ ಚಿತ್ರಗಳನ್ನು. ಸೆಂಟಿನೆಲ್ ಚಿತ್ರದ ಒಂದು ಚೌಕ (ಪಿಕ್ಸೆಲ್) 10 ಮೀಟರಿಗೆ 10 ಮೀಟರ್, ಅಂದರೆ ಹೆಚ್ಚುಕಡಿಮೆ 1 ಗುಂಟೆ. ಲಿಸ್-3ರದು 23.5 ಮೀಟರ್, ಸುಮಾರು ಐದೂವರೆ ಗುಂಟೆ. ಎರಡು ಗುಡ್ಡದ ನಡುವಿನ 40 ಮೀಟರ್ ಅಗಲದ ಗದ್ದೆಗೆ ಲಿಸ್-3ರಲ್ಲಿ ಅಡ್ಡಕ್ಕೆ ಎರಡು ಚೌಕವೂ ಸರಿಯಾಗಿ ಬೀಳುವುದಿಲ್ಲ. ಅಂಚಿನ ಮರಗಳ ಬಣ್ಣ ಬೆರೆತು ಗದ್ದೆ ಮಾಯವಾಗುತ್ತದೆ.

ಎರಡನೆಯದು ತಿಂಗಳು. ಮೋಡ ಇಲ್ಲದ ಚಿತ್ರ ಬೇಕೆಂದು ಫೆಬ್ರವರಿ–ಮಾರ್ಚ್‌ನದನ್ನು ಆರಿಸುತ್ತಾರೆ. ಮಳೆಗಾಲದಲ್ಲಿ ಮಾತ್ರ ಬೆಳೆಯುವ ‘ಸೊರೋದ್’ ಗದ್ದೆ ಆಗ ಒಣಗಿ ಬೋಳಾಗಿರುತ್ತದೆ, ಪಾಳು ಎಂದು ಓದಿಸಿಕೊಳ್ಳುತ್ತದೆ. ಝರಿ ನೀರಿನ ‘ವಾಯಂಗಣ್’ ಬೆಳೆ ಇದ್ದರೆ ಮಾತ್ರ ಹಸಿರು ಕಾಣುತ್ತದೆ. ಅಡಿಕೆ, ತೆಂಗು, ಹಲಸು, ಮೆಣಸು ಒಟ್ಟಿಗಿರುವ ಕುಳಾಗರ ಮೇಲಿನಿಂದ ದಟ್ಟ ಕಾಡಿನಂತೆಯೇ. ಗೇರು ತೋಟ ವಿರಳ ಕಾಡಿನಂತೆ. ಇನ್ನು ಜಂಬಿಟ್ಟಿಗೆಯ ಬಯಲು. ಅದಕ್ಕೆ ‘ಬಂಜರು’ ಎಂಬ ಹಣೆಪಟ್ಟಿ ಹಚ್ಚುವುದು ನಮ್ಮನ್ನು ಬಹಳ ನೋಯಿಸುವ ಸಂಗತಿ. ಕೆಳಗಿನ ಬಾವಿಗಳಿಗೆ ನೀರು ಇಂಗುವುದು ಅಲ್ಲೇ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅದು ಹೂವಿನ ಹುಲ್ಲುಗಾವಲು, ದನಗಳ ಮೇವು. ‘ಬಂಜರು’ ಎಂದು ಬರೆದ ಕೂಡಲೇ ಗಣಿಯಿಂದ ತೆಗೆದ ಬೇಡದ ಮಣ್ಣಿನ ರಾಶಿ (ಡಂಪ್) ಹಾಕಲು ಅದೇ ಯೋಗ್ಯ ಜಾಗ ಎಂಬ ತೀರ್ಮಾನ ಹಿಂದೆಯೇ ಬರುತ್ತದೆ.

ಆದ್ದರಿಂದ ಮೂರು ವಿಷಯ ಕೇಳಿ. ಚಿತ್ರದ ತಾರೀಖು ಯಾವುದು? ನೆಲಕ್ಕೆ ಬಂದು ಎಷ್ಟು ಜಾಗಗಳಲ್ಲಿ ತಾಳೆ ನೋಡಿದ್ದಾರೆ? ಪ್ರತಿಯೊಂದು ವರ್ಗಕ್ಕೂ ನಿಖರತೆ ಎಷ್ಟು? ಒಟ್ಟು ನಿಖರತೆ ಶೇ. 88 ಎಂದು ಬರೆದಿರುತ್ತಾರೆ. ಕಾಡು, ನೀರು ಗುರುತಿಸುವುದು ಸುಲಭವಾದ್ದರಿಂದ ಅವೇ ಸರಾಸರಿಯನ್ನು ಮೇಲೆತ್ತುತ್ತವೆ. ನಿಜವಾಗಿ ಗದ್ದೆಯಾಗಿರುವ 50 ಜಾಗಗಳಲ್ಲಿ 31 ಮಾತ್ರ ನಕಾಶೆಯಲ್ಲಿ ಗದ್ದೆ ಎಂದು ಬಂದಿದ್ದರೆ, ಗದ್ದೆಯ ಮಟ್ಟಿಗೆ ಆ ನಕಾಶೆ ಶೇ. 62ರಷ್ಟೇ ಸರಿ.

ನಿಮ್ಮ ಕಡೆಯಿಂದ ಕಾಗದವೂ ಬೇಕು. ಊರಲ್ಲಿ ಉತಾರ, ಪಹಣಿ ಎನ್ನುವಂತೆ ಇಲ್ಲಿ ಫಾರ್ಮ್ 1 ಮತ್ತು 14. ಅದರಲ್ಲಿ ಜಿರಾಯತ್, ಬಾಗಾಯತ್, ಭತ್ತ, ಖಾಜಣ, ಕೇರ್, ಮೊರೋಡ್ ಎಂಬ ನೆಲದ ಬಗೆಗಳಿಗೆ ಬೇರೆ ಬೇರೆ ಕಾಲಂನಲ್ಲಿ ವಿಸ್ತೀರ್ಣ ಇರುತ್ತದೆ, ಪೋಟ್ ಖರಾಬು ಬೇರೆ. ನಕಾಶೆಯ ‘ಪಾಳು’ ಇರುವ ಸರ್ವೆ ನಂಬರಿಗೆ ಫಾರ್ಮ್‌ನಲ್ಲಿ ಭತ್ತ ಎಂದಿದ್ದರೆ ಅದನ್ನು ಲಗತ್ತಿಸಿ. ಆಗಸ್ಟ್ ಮತ್ತು ಫೆಬ್ರವರಿಯಲ್ಲಿ ಒಂದೇ ಜಾಗದಲ್ಲಿ ನಿಂತು ಜಿಪಿಎಸ್ ಗುರುತಿನ ಫೋಟೊ ತೆಗೆದಿಡಿ. ಗೇಣಿದಾರರಾಗಿದ್ದರೆ ನಿಮ್ಮ ಹೆಸರು ಗೇಣಿಯ ಕಾಲಂನಲ್ಲಿ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಕೊಮುನಿದಾದ್ (ಊರಿನ ಸಮುದಾಯದ ಒಡೆತನದ) ಜಮೀನಿನಲ್ಲಿ ಬಾಯಿಮಾತಿನ ಮೇಲೆ ಗದ್ದೆ ಮಾಡುತ್ತಿರುವ ಕನ್ನಡಿಗರು ತುಂಬಾ ಇದ್ದಾರೆ. ಕಾಗದದಲ್ಲಿ ಅವರು ಇಲ್ಲವೇ ಇಲ್ಲ, ಪರಿಹಾರದ ಪಟ್ಟಿಯಲ್ಲೂ ಇರುವುದಿಲ್ಲ.

ಅಭಯಾರಣ್ಯದ ದೂರವನ್ನೂ ಪರಿಶೀಲಿಸಿ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಗಡಿಯಿಂದ 1 ಕಿಲೋಮೀಟರ್ ಒಳಗೆ ಗಣಿಗಾರಿಕೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್‌ನ ಗೋವಾ ತೀರ್ಪಿನಲ್ಲಿ ಹೇಳಿದೆ. ನಿಮ್ಮ ಭಾಗದಲ್ಲಿ ನೇತ್ರಾವಳಿ ಮತ್ತು ಭಗವಾನ್ ಮಹಾವೀರ್ ಗಡಿ ನೋಡಬೇಕು. ದೂರವನ್ನು ಗುತ್ತಿಗೆಯ ನಡುಮಧ್ಯದಿಂದ ಅಳೆದಿದ್ದಾರೋ ಅಂಚಿನಿಂದಲೋ ಎಂಬುದರಲ್ಲೇ ಅರ್ಧ ಕಿಲೋಮೀಟರ್ ವ್ಯತ್ಯಾಸ ಬಂದುಬಿಡಬಹುದು.

ಪ್ರಶ್ನೆ: ಉಸಗಾವ್ ರಸ್ತೆ ಪಕ್ಕ ನಮ್ಮ ಗ್ಯಾರೇಜ್. ಅದಿರಿನ ಟ್ರಕ್ ಶುರುವಾದರೆ ಧೂಳು ಎಷ್ಟಾಗುತ್ತದೆ ಎಂದು ಈಗಲೇ ಹೇಳಲು ಬರುತ್ತದೆಯೇ? ವರದಿಯಲ್ಲಿ ಪಿಎಂ10 ‘80’ ಅಂತ ಇದೆ.

ಉತ್ತರ: ಪಿಎಂ10 ಎಂದರೆ 10 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಧೂಳಿನ ಕಣ; 80 ಎಂದರೆ ಒಂದು ಘನಮೀಟರ್ ಗಾಳಿಯಲ್ಲಿ ಅದು 80 ಮೈಕ್ರೋಗ್ರಾಂ. 24 ಗಂಟೆಯ ಮಿತಿ 100, ಇನ್ನೂ ಸಣ್ಣ ಕಣಗಳಾದ ಪಿಎಂ2.5ಕ್ಕೆ 60. ಆ 80 ಹೇಗೆ ಬಂತು ನೋಡಿ. ಯಂತ್ರ ನಿಮಿಷಕ್ಕೆ 1.1 ಘನಮೀಟರಿನಂತೆ ದಿನವಿಡೀ ಗಾಳಿ ಎಳೆದರೆ 1,584 ಘನಮೀಟರ್. ಫಿಲ್ಟರ್ ಕಾಗದದ ತೂಕ 0.127 ಗ್ರಾಂ ಹೆಚ್ಚಿದ್ದರೆ ಭಾಗಿಸಿದಾಗ 80. ಆದರೆ ಧೂಳು ಕೂತಂತೆ ಕಾಗದ ಕಟ್ಟಿಕೊಂಡು ಗಾಳಿಯ ವೇಗ ಇಳಿಯುತ್ತದೆ. ಕೊನೆಗೆ 0.9ಕ್ಕೆ ಬಂದಿದ್ದರೆ ಸರಾಸರಿ 1.0, ಗಾಳಿ 1,440 ಘನಮೀಟರ್, ಉತ್ತರ 88. ಶುರುವಿನ ವೇಗವನ್ನೇ ಹಿಡಿದು ಲೆಕ್ಕ ಹಾಕಿದವರು ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಧೂಳನ್ನು ಬಿಟ್ಟುಬಿಟ್ಟಂತಾಯಿತು. ಕರೆಂಟ್ ಹೋಗಿ ಯಂತ್ರ ನಿಂತ ಗಂಟೆಗಳನ್ನು ಕಳೆಯದಿದ್ದರೂ ಹೀಗೇ ಕಡಿಮೆ ಬರುತ್ತದೆ. ತೂಗುವ ಮುಂಚೆ ಕಾಗದವನ್ನು 24 ಗಂಟೆ ಒಣ ಪಾತ್ರೆಯಲ್ಲಿ ಇಡದಿದ್ದರೆ ಗೋವಾದ ತೇವ ಸೇರಿ ಸಂಖ್ಯೆ ಏರುತ್ತದೆ.

ವಾರಕ್ಕೆ ಎರಡರಂತೆ 12 ವಾರಕ್ಕೆ 24 ದಿನಗಳ ಮಾಪನ ಇರಬೇಕು. ಗಾಳಿ ಬೀಸಿ ಹೋಗುವ ಮುಖ್ಯ ದಿಕ್ಕಿನಲ್ಲಿ ಗುತ್ತಿಗೆಯಿಂದ 500 ಮೀಟರ್ ಒಳಗೆ ಒಂದು ಕೇಂದ್ರವಾದರೂ ಇರಬೇಕು. ಮರದ ಮರೆಯಲ್ಲಿ, ಗೋಡೆಯ ಮೂಲೆಯಲ್ಲಿ ಇಟ್ಟಿದ್ದರೆ ಫೋಟೊ ತೆಗೆದಿಡಿ.

ಈಗ ಟ್ರಕ್ ಓಡದ ಕಾಲದಲ್ಲಿ ಅಳೆದ 80 ನಿಮ್ಮ ನಾಳೆಯ ಸಂಖ್ಯೆಯಲ್ಲ, ಅದರ ಮೇಲೆ ಕೂಡಬೇಕಾದದ್ದು ಇದೆ. ವರ್ಷಕ್ಕೆ 10 ಲಕ್ಷ ಟನ್, ಟ್ರಕ್ಕಿಗೆ 10 ಟನ್ ಎಂದರೆ 1 ಲಕ್ಷ ಟ್ರಿಪ್. 250 ಕೆಲಸದ ದಿನಕ್ಕೆ ದಿನಾ 400 ತುಂಬಿದ್ದು, 400 ಖಾಲಿ. ಹತ್ತು ತಾಸಿನ ಕೆಲಸವಾದರೆ ನಿಮ್ಮ ಗ್ಯಾರೇಜಿನ ಮುಂದೆ 45 ಸೆಕೆಂಡಿಗೊಂದು ಟ್ರಕ್. ವರದಿಯಲ್ಲಿ ನಿಮ್ಮ ರಸ್ತೆಯ 24 ಗಂಟೆಯ ವಾಹನ ಎಣಿಕೆ ಇದೆಯೇ, ಅದಿರನ್ನು ದೋಣಿಗೆ ತುಂಬುವ ಜೆಟ್ಟಿಯವರೆಗಿನ ದಾರಿ ಪೂರ್ತಿ ಸೇರಿದೆಯೇ ನೋಡಿ. ಪಕ್ಕದ ಗಣಿಗಳ ಟ್ರಕ್ಕೂ ಅದೇ ರಸ್ತೆಗೆ ಬರುವುದಾದರೆ ಎಲ್ಲವನ್ನೂ ಒಟ್ಟಿಗೆ ಕೂಡಿಸಿ ತೋರಿಸಿ ಎಂದು ಕೇಳಿ.

ಪ್ರಶ್ನೆ: ಹೊಂಡದ ಕೆಳಗೇ ನಮ್ಮ ಗದ್ದೆ. ‘ಸೆಟ್ಲಿಂಗ್ ಪಾಂಡ್ ಕಟ್ಟುತ್ತೇವೆ, ರಾಡಿ ಬರಲ್ಲ’ ಅಂತಾರೆ. ನಂಬಬಹುದಾ?

ಉತ್ತರ: ರಾಡಿ ತಳಕ್ಕೆ ಕೂರಲೆಂದು ಕಟ್ಟುವ ಆ ಕೆರೆಯ ಅಳತೆ ಕೇಳಿ, ಆಮೇಲೆ ನಂಬುವ ಮಾತು. ಹೊಂಡ, ಡಂಪ್ ಸೇರಿ 40 ಹೆಕ್ಟೇರ್ ಎಂದಿಟ್ಟುಕೊಳ್ಳಿ. ಒಂದೇ ದಿನ 150 ಮಿಲಿಮೀಟರ್ ಮಳೆ ಬಂದರೆ ಬೀಳುವ ನೀರು 60,000 ಘನಮೀಟರ್, ಅದರಲ್ಲಿ ಶೇ. 70 ಹರಿದರೂ 42,000. ಕೆರೆಯಲ್ಲಿ ಈ ನೀರು ನಿಲ್ಲಬೇಕು. ಎಷ್ಟು ಹೊತ್ತು? ಮರಳು ನಿಮಿಷಗಳಲ್ಲಿ ತಳ ಸೇರುತ್ತದೆ. 2 ಮೈಕ್ರಾನಿನ ಜೇಡಿ ಕಣ ಅಲುಗಾಡದ ನೀರಿನಲ್ಲೂ ದಿನಕ್ಕೆ ಸುಮಾರು 30 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. 3 ಮೀಟರ್ ಆಳದ ಕೆರೆಯಾದರೆ 10 ದಿನ. ಜುಲೈನಲ್ಲಿ 10 ದಿನ ಮಳೆ ಬಿಡುವುದುಂಟೇ? ಅಷ್ಟರಲ್ಲಿ ಕೆರೆ ತುಂಬಿ ಕೋಡಿ ಬೀಳುತ್ತದೆ. ಗದ್ದೆಗೆ ಬಂದ ಆ ನಯವಾದ ರಾಡಿ ಒಣಗಿದ ಮೇಲೆ ಗಟ್ಟಿ ಹೆಪ್ಪಾಗುತ್ತದೆ, ಸಸಿಯ ಬೇರಿಗೆ ಗಾಳಿ ಸಿಗುವುದಿಲ್ಲ. ಜೇಡಿ ಬೇಗ ಕೂರಲು ಔಷಧ ಹಾಕುತ್ತಾರೆಯೇ, ಮೇ ತಿಂಗಳಲ್ಲಿ ಕೆರೆಯ ಹೂಳು ತೆಗೆಯುವ ಜವಾಬ್ದಾರಿ ಯಾರದು ಎಂದೂ ಕೇಳಿ.

ನಿಮ್ಮ ಕೆಲಸ: ಈ ಮಳೆಗಾಲದಲ್ಲೇ ಹಳ್ಳದ ನೀರನ್ನು ಪಾರದರ್ಶಕ 1 ಲೀಟರ್ ಬಾಟಲಿಯಲ್ಲಿ ಹಿಡಿದು, ದಿನಾಂಕದ ಚೀಟಿ ಅಂಟಿಸಿ, ಮರುದಿನ ತಳದಲ್ಲಿ ಕೂತ ಹೂಳಿನ ದಪ್ಪ ಅಳೆದು ಫೋಟೊ ತೆಗೆಯಿರಿ. ಮೊದಲ ಮಳೆ, ಜುಲೈ ಮಧ್ಯ, ಸೆಪ್ಟೆಂಬರ್, ಮೂರು ಸಲ ಸಾಕು. ಗದ್ದೆಯ ಮಣ್ಣನ್ನೂ ಪರೀಕ್ಷೆಗೆ ಕೊಡಿ. ಬದು, ಗೊಬ್ಬರದ ಗುಂಡಿ ಬಿಟ್ಟು ಎಂಟು–ಹತ್ತು ಕಡೆ 15 ಸೆಂಟಿಮೀಟರ್ ಆಳಕ್ಕೆ ತೆಗೆದು, ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಚೆಲ್ಲುತ್ತ ಅರ್ಧ ಕಿಲೋಗೆ ಇಳಿಸಬೇಕು.

ಪ್ರಶ್ನೆ: ಸಾರ್ವಜನಿಕ ಅಹವಾಲು ಸಭೆಗೆ ಹೋಗಬೇಕೆಂದಿದ್ದೇನೆ. ಕೊಂಕಣಿ ಅಷ್ಟಕ್ಕಷ್ಟೇ, ಮನೆ ಬಾಡಿಗೆಯದು. ಮಾತಾಡಲು ಬಿಡುತ್ತಾರಾ?
— ಡಿಚೋಲಿಯ ಓದುಗರು

ಉತ್ತರ: ಬಿಡಲೇಬೇಕು. ಸಭೆ ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಜಿಲ್ಲಾಧಿಕಾರಿ ಅಥವಾ ಹೆಚ್ಚುವರಿ ಜಿಲ್ಲಾಧಿಕಾರಿಗಿಂತ ಕೆಳಗಿಲ್ಲದ ಅಧಿಕಾರಿಯದು. ಹಾಜರಿದ್ದ ಪ್ರತಿಯೊಬ್ಬರಿಗೂ ಕೇಳುವ, ಹೇಳುವ ಅವಕಾಶ ಇದೆ; ಜಮೀನು ಹೆಸರಲ್ಲಿರಬೇಕೆಂಬ ನಿಯಮ ಇಲ್ಲ. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ನೋಟಿಸ್ ಬರುತ್ತದೆ. ಆ ದಿನದಿಂದ ಕರಡು ವರದಿ ಪಂಚಾಯಿತಿ, ಜಿಲ್ಲಾ ಪಂಚಾಯತ್, ಜಿಲ್ಲಾಧಿಕಾರಿ ಕಚೇರಿಯಲ್ಲಿ ನೋಡಲು ಸಿಗಬೇಕು.

ಮಾತಿಗಿಂತ ಬರಹ ಗಟ್ಟಿ. ಕೊಂಕಣಿ, ಮರಾಠಿ ಅಥವಾ ಇಂಗ್ಲಿಷಿನಲ್ಲಿ ಒಂದು ಪುಟ ಬರೆಸಿ, ಎರಡು ಪ್ರತಿ ಮಾಡಿ, ಒಂದಕ್ಕೆ ಸಹಿ ಹಾಕಿಸಿಕೊಳ್ಳಿ. ‘ಗಣಿ ಬೇಡ’ ಅಥವಾ ‘ಕೆಲಸ ಬೇಕು’ ಎಂದಷ್ಟೇ ಬರೆದರೆ ಅದು ಅಭಿಪ್ರಾಯದ ಸಾಲಿಗೆ ಸೇರಿ ಮುಗಿಯುತ್ತದೆ. ‘ಪುಟ ಇಂಥದ್ದರಲ್ಲಿ ನಮ್ಮ ವಾಡೆಯಲ್ಲಿ (ಕೇರಿಯಲ್ಲಿ) ಬಾವಿ ಇಲ್ಲ ಎಂದಿದೆ, ಇಲ್ಲಿ 14 ಬಾವಿ ಇವೆ, ಪಟ್ಟಿ ಲಗತ್ತಿಸಿದೆ’ ಎಂದು ಬರೆದರೆ ಕಂಪನಿ ಅಂತಿಮ ವರದಿಯಲ್ಲಿ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಸಭೆಯ ಕೊನೆಗೆ ನಡಾವಳಿ ಓದಿ ಹೇಳುತ್ತಾರೆ, ಅಲ್ಲಿಯವರೆಗೆ ಎದ್ದು ಬರಬೇಡಿ, ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಲು ಹೇಳಿ. ಅನುಮತಿ ಸಿಕ್ಕ ಮೇಲೆ ಆಕ್ಷೇಪ ಇದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ಸಕಾರಣ ಇದ್ದರೆ ಮತ್ತೆ 60 ದಿನ ಸಿಗಬಹುದು. ಗೋವಾಕ್ಕೆ ಸಂಬಂಧಿಸಿದ ಪಶ್ಚಿಮ ಪೀಠ ಪುಣೆಯಲ್ಲಿದೆ.

ಪ್ರಶ್ನೆ: ಸ್ಫೋಟದಿಂದ ಮನೆ ಗೋಡೆ ಬಿರುಕು ಬಿಟ್ಟರೆ?

ಉತ್ತರ: ಗೋವಾದ ಅದಿರು ಹೆಚ್ಚಾಗಿ ಪುಡಿ, ಅಗೆಯುವ ಯಂತ್ರಕ್ಕೇ ಬರುತ್ತದೆ. ಸ್ಫೋಟ ಇದೆಯೋ ಇಲ್ಲವೋ ಎಂದು ಗಣಿ ಯೋಜನೆಯಲ್ಲಿ ಮೊದಲು ನೋಡಿ. ಇದ್ದರೆ, ಗಣಿಯವರದಲ್ಲದ ಮನೆಗಳಿಗೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಮಿತಿ ಅನ್ವಯಿಸುತ್ತದೆ: ಕಂಪನ 8 ಹರ್ಟ್ಸ್‌ಗಿಂತ (ಸೆಕೆಂಡಿಗೆ 8 ಸಲ ಅಲುಗಾಟ) ಕೆಳಗಿದ್ದರೆ ನೆಲ ಅಲುಗುವ ವೇಗ ಸೆಕೆಂಡಿಗೆ 5 ಮಿಲಿಮೀಟರ್, 8ರಿಂದ 25ರವರೆಗೆ 10, ಅದಕ್ಕೂ ಮೇಲೆ 15. ಈಗಿರುವ ಪ್ರತಿ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು, ತಾರೀಖು ಬರೆದು, ಪಕ್ಕದಲ್ಲಿ ಸ್ಕೇಲ್ ಹಿಡಿದು ಫೋಟೊ ತೆಗೆಯಿರಿ. ಗೆರೆ ದಾಟಿ ಬಿರುಕು ಮುಂದೆ ಹೋದ ದಿನ ಸ್ಫೋಟದ ಹೊತ್ತಿನ ಕಂಪನದ ದಾಖಲೆಯ ಪ್ರತಿಯನ್ನು ಬರಹದಲ್ಲಿ ಕೇಳಿ.